ಸುಣ್ಣ, ಸಂಪು, ಒಬ್ಬಟ್ಟು

2025ರ ಯುಗಾದಿ ಭಾನುವಾರ ಬಂತು. ಬೇರೆ ಊರಿನವರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಕ್ಕಿಲ್ಲ. ಬಾಶೆಟ್ಟಿಹಳ್ಳಿಯಲ್ಲಿ ಮಾತ್ರ ಹೊಸ ಕ್ಯಾಲೆಂಡರ್ ಗೋಡೆಗೆ ಬಿದ್ದ ದಿನದಿಂದಲೇ ಗೊಣಗಾಟ ಶುರುವಾಗಿತ್ತು. ಕರ್ನಾಟಕದ ಕಾರ್ಖಾನೆಗಳಿಗೆ ರಜೆ ಕೊಡಿಸುವ ಕಾಯ್ದೆ 1963ರದು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಇವು ಐದು. ಹಬ್ಬಗಳ ಲೆಕ್ಕದಲ್ಲಿ ಇನ್ನೈದು. ವರ್ಷಕ್ಕೆ ಹತ್ತೇ ಹತ್ತು ರಜೆ. ಅದರಲ್ಲೊಂದು ಬಂದು ವಾರದ ರಜೆಯ ಮೇಲೇ ಕೂತರೆ ದುಡಿಯುವವನ ಪಾಲಿಗೆ ಒಂದು ದಿನ ಮುಳುಗಿದ ಹಾಗೆ. ‘ಪಂಚಾಂಗ ಬರೆಯೋರು ಮ್ಯಾನೇಜ್‌ಮೆಂಟ್ ಕಡೆಯವರು’ ಅಂತ ಶಿಫ್ಟ್ ಬಸ್ಸಿನಲ್ಲಿ ಯಾರೋ ಅಂದ ಮಾತು ಊರೆಲ್ಲ ಸುತ್ತಿ ಬಂದಿತ್ತು.

ಆದರೆ ಆ ಸಲ ಸೋಮವಾರ ರಂಜಾನ್ ಆಗುವ ಸಂಭವವಿತ್ತು. ಪಟ್ಟಿಯಲ್ಲಿ ಅದಕ್ಕೂ ರಜೆ. ಹಳೇ ಮೈಸೂರು ಸೀಮೆಯವರಿಗೆ ಯುಗಾದಿಯ ಮರುದಿನ ಹೊಸತೊಡಕು. ರಜೆ ಇರಲಿ ಬಿಡಲಿ, ಅವತ್ತು ಕೆಲಸಕ್ಕೆ ಹೋಗುವ ಗಂಡಸನ್ನು ಮನೆಯವರು ಕನಿಕರದಿಂದ ನೋಡುತ್ತಾರೆ. ಹಾಗಾಗಿ ಮಾರ್ಚ್ 29ರ ಶನಿವಾರವನ್ನು ಹೇಗಾದರೂ ಹೊಂದಿಸಿಕೊಂಡರೆ ಮೂರು ದಿನ ಸಾಲಾಗಿ ಸಿಗುತ್ತಿತ್ತು. ಊರಿನ ಒಂದು ಮನೆಯಲ್ಲಿ ಅದನ್ನು ಹೊಂದಿಸಿದವನು ದೊಡ್ಡಮಗ. ಐಟಿಐ ಓದಿ, ಕಾರ್ಖಾನೆಯೊಂದರ ಮೇಂಟೆನೆನ್ಸ್ ವಿಭಾಗದಲ್ಲಿ ಫಿಟರ್ ಆಗಿರುವವನು. ಎರಡು ಭಾನುವಾರ ದುಡಿದು ಉಳಿಸಿಕೊಂಡಿದ್ದ ಕಾಂಪ್ ಆಫ್ ಇತ್ತು. ಅವನ ಹೆಂಡತಿಗೆ, ಅಂದರೆ ಮನೆಯ ಸೊಸೆಗೆ, ಅಪಾರೆಲ್ ಪಾರ್ಕಿನ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಕೆಲಸ. ಅವಳಿಗೆ ಶನಿವಾರ ಬಿಡುವಿಲ್ಲ. ಅವನಿಗೆ ಮೂರು ದಿನ, ಅವಳಿಗೆ ಎರಡು. ಇಬ್ಬರೂ ಒಟ್ಟಿಗೆ ಹಗಲು ಹೊತ್ತು ಮನೆಯಲ್ಲಿರುವುದೇ ಅಪರೂಪವಾಗಿದ್ದ ಆ ಮನೆಯಲ್ಲಿ, ವರ್ಷಪೂರ್ತಿ ‘ನೋಡಾನ, ಹಬ್ಬಕ್ಕೆ ಮಾಡಾನ’ ಅಂತ ಮುಂದಕ್ಕೆ ಹಾಕಿದ್ದ ಕೆಲಸವೆಲ್ಲ ಆ ಮೂರು ದಿನದ ತಲೆಯ ಮೇಲೆ ಬಂದು ಬಿತ್ತು. ಕಾಂಪೌಂಡಿಗೂ ತಾರಸಿಗೂ ಸುಣ್ಣ, ಬಾಡಿಗೆ ರೂಮಿಗೆ ಡಿಸ್ಟೆಂಪರ್, ಕಿಟಕಿಗೆ ಸೊಳ್ಳೆ ಜಾಲರಿ, ಅಡುಗೆಮನೆಯಲ್ಲಿ ಬೀಳುವಂತಾಗಿದ್ದ ಅಟ್ಟದ ಹಲಗೆ. ಪಟ್ಟಿಯಲ್ಲಿ ಸಂಪಿನ ಹೆಸರು ಇರಲಿಲ್ಲ.

ಬಾಶೆಟ್ಟಿಹಳ್ಳಿ ದೊಡ್ಡಬಳ್ಳಾಪುರಕ್ಕೆ ನಾಲ್ಕೈದು ಕಿಲೋಮೀಟರ್ ಇರುವಾಗ, ಬೆಂಗಳೂರು ಕಡೆಯಿಂದ ಹಿಂದೂಪುರದ ರಸ್ತೆಯಲ್ಲಿ ಬಂದರೆ ಸಿಗುವ ಊರು. ಒಂದು ಕಾಲಕ್ಕೆ ರಾಗಿ, ಅವರೆ, ಹಿಪ್ಪುನೇರಳೆ ಬೆಳೆಯುತ್ತಿದ್ದ ಜಮೀನಿನ ಮೇಲೆ ಈಗ ಕೈಗಾರಿಕಾ ಪ್ರದೇಶ ನಿಂತಿದೆ. ಗ್ರಾಮ ಪಂಚಾಯಿತಿಯಾಗಿದ್ದದ್ದು ಪಟ್ಟಣ ಪಂಚಾಯಿತಿಯಾಗಿದೆ. ಜಮೀನು ಹೋದವರಲ್ಲಿ ಅನೇಕರು ಬಂದ ಪರಿಹಾರದಲ್ಲಿ ಉಳಿದ ಜಾಗದಲ್ಲಿ ಸಾಲುರೂಮು ಕಟ್ಟಿಸಿದರು; ಬಾಗಲಕೋಟೆ, ರಾಯಚೂರಿನಿಂದ ಹಿಡಿದು ಒಡಿಶಾ, ಬಿಹಾರ, ಅಸ್ಸಾಮಿನವರೆಗಿನ ಹುಡುಗರು ಅಲ್ಲಿ ಬಾಡಿಗೆಗಿದ್ದಾರೆ. ಬೆಳೆ ತೆಗೆಯುತ್ತಿದ್ದವರು ಬಾಡಿಗೆ ತೆಗೆಯುತ್ತಾರೆ. ಈ ಮನೆಯದೂ ಅದೇ ಕಥೆ: ಮುಂದೆ ತಾವಿರುವ ಆರ್‌ಸಿಸಿ ಮನೆ, ಹಿತ್ತಲಲ್ಲಿ ಶೀಟಿನ ರೂಮುಗಳ ಒಂದು ಸಾಲು, ಎಲ್ಲಕ್ಕೂ ಸೇರಿ ಅಂಗಳದಲ್ಲಿ ಒಂದೇ ಸಂಪು.

ಮನೆಯ ಹಿರಿಯಳು ಅಜ್ಜಿ. ಎಪ್ಪತ್ತು ದಾಟಿದವಳು, ಆ ಊರಿಗೆ ಸೊಸೆಯಾಗಿ ಬಂದಾಗ ಮನೆಯಲ್ಲಿ ಎರಡು ಜೊತೆ ಎತ್ತಿದ್ದವು ಅನ್ನುವುದನ್ನು ಹೇಳದೆ ಅವಳ ಯಾವ ಮಾತೂ ಮುಗಿಯುವುದಿಲ್ಲ. ಅವಳು ಕಂಡ ಯುಗಾದಿಯಲ್ಲಿ ಮುಖ್ಯವಾದದ್ದು ಒಬ್ಬಟ್ಟಲ್ಲ, ಹೊನ್ನಾರು. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಯಾರ ಹೆಸರಿಗೆ ಆ ವರ್ಷ ಕೂಡಿಬರುತ್ತದೋ ಅವರ ಕೈಯಲ್ಲಿ ಊರಿನ ಹೊಲದಲ್ಲಿ ಮೊದಲ ಸಾಲು ಉಳಿಸುವುದು. ಅದಾದ ಮೇಲೇ ಉಳಿದವರ ನೇಗಿಲು ಇಳಿಯುತ್ತಿದ್ದದ್ದು. ಮಳೆ ಇನ್ನೂ ದೂರವಿದ್ದರೂ ವರ್ಷದ ದುಡಿಮೆಗೆ ಅವತ್ತು ಕೈ ಹಾಕಬೇಕು, ಅಷ್ಟೆ. ‘ಯುಗಾದಿ ದಿನ ಏನು ಮಾಡ್ತೀವೋ ವರ್ಷವೆಲ್ಲ ಅದೇ’ ಅನ್ನುವುದು ಅದರ ಬೆನ್ನಿಗೇ ಬಂದ ನಂಬಿಕೆ. ಅವತ್ತು ಅಳಬಾರದು, ಹಗಲು ಮಲಗಬಾರದು, ಸಾಲ ಕೇಳಬಾರದು, ಮಕ್ಕಳಿಗೆ ಹೊಡೆಯಬಾರದು. ಎತ್ತು ಹೋಗಿ ಎಷ್ಟೋ ವರ್ಷವಾದರೂ ಈ ‘ಬಾರದು’ಗಳು ಮನೆಯಲ್ಲಿ ಗಟ್ಟಿಯಾಗಿ ಉಳಿದಿವೆ. ಹೊಲದಲ್ಲಿ ಆಗುತ್ತಿದ್ದ ಮೊದಲ ಸಾಲಿನ ಜಾಗಕ್ಕೆ ಗೋಡೆ, ನಲ್ಲಿ, ಕಿಟಕಿಗಳ ರಿಪೇರಿ ಬಂದಿದೆ ಅಂತ ಯಾರೂ ಬಾಯಿಬಿಟ್ಟು ಹೇಳದಿದ್ದರೂ, ಆ ಶನಿವಾರ ಬೆಳಗಿನ ಗಡಿಬಿಡಿ ನೋಡಿದವರಿಗೆ ಹಾಗೆ ಅನ್ನಿಸದೇ ಇರುತ್ತಿರಲಿಲ್ಲ.

ಶನಿವಾರ ಅಮಾವಾಸ್ಯೆ. ಅವತ್ತೇ ಶನಿ ಮೀನ ರಾಶಿಗೆ ಕಾಲಿಡುವ ದಿನ, ಅವತ್ತೇ ಸೂರ್ಯಗ್ರಹಣ. ಗ್ರಹಣ ಭಾರತದಲ್ಲಿ ಕಾಣುವುದೇ ಇಲ್ಲ ಅಂದರೂ ಟಿ.ವಿ. ಜ್ಯೋತಿಷಿಗಳು ಬೆಳಗಿನಿಂದ ಅದನ್ನೇ ಹಿಡಿದು ಎಳೆಯುತ್ತಿದ್ದರು. ಅದರ ನಡುವೆ ಮೊಮ್ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಮಾರ್ಚ್ 21ಕ್ಕೆ ಶುರುವಾಗಿ ಏಪ್ರಿಲ್ 4ರವರೆಗೆ ಇದ್ದ ವೇಳಾಪಟ್ಟಿಯ ನಟ್ಟನಡುವೆ ಹಬ್ಬ ಬಂದಿತ್ತು: ಶನಿವಾರ ಸಮಾಜ ವಿಜ್ಞಾನ, ಬುಧವಾರ ವಿಜ್ಞಾನ. ‘ಗ್ರಹಣ ಅಂತೆ, ಅಮಾಸೆ ಅಂತೆ, ಮಗೂನ ಇವತ್ತೇ ಕಳಿಸಬೇಕಾ ಇವರು’ ಅಂತ ಅಜ್ಜಿ ಪರೀಕ್ಷಾ ಮಂಡಳಿಯನ್ನು ಬೈದು, ಹುಡುಗಿಯ ಕೈಗೆ ಮೊಸರು ಸಕ್ಕರೆ ಕೊಟ್ಟು ಕಳಿಸಿದಳು.

ಸುಣ್ಣದ ವಿಷಯದಲ್ಲಿ ಹಿಂದಿನ ದಿನವೇ ತಕರಾರು ಆಗಿತ್ತು. ದೊಡ್ಡಮಗನಿಗೆ ಹೊರಗೋಡೆಗೂ ಪುಟ್ಟಿ, ಪ್ರೈಮರ್, ಮೇಲೆ ಎಮಲ್ಷನ್ ಹೊಡೆಸುವ ಆಸೆ. ಅಂಗಡಿಯವನು ಕೊಟ್ಟ ಲೆಕ್ಕ ನೋಡಿ ಆಸೆ ಅಲ್ಲೇ ನಿಂತಿತು. ‘ಅಮಾಸೆ ದಿನ ಹೊಸದು ಶುರು ಮಾಡಬಾರದು, ಸುಣ್ಣ ಹೊಡೆಯೋದು ಹೊಸದಲ್ಲ’ ಅಂತ ಅಜ್ಜಿ ತೀರ್ಪು ಕೊಟ್ಟಳು. ಶುಕ್ರವಾರ ರಾತ್ರಿ ಹಳೇ ಡ್ರಮ್ಮಿನಲ್ಲಿ ಸುಣ್ಣದ ಕಲ್ಲು ಹಾಕಿ ನೀರು ಸುರಿದದ್ದೂ ಅವಳ ಉಸ್ತುವಾರಿಯಲ್ಲೇ. ಕಲ್ಲು ಮೊದಲು ಸುಮ್ಮನಿತ್ತು. ಆಮೇಲೆ ಅಂಚಿನಿಂದ ಗುಳ್ಳೆ ಎದ್ದಿತು, ಬಿರುಕು ಬಿಟ್ಟಿತು, ಡ್ರಮ್ಮು ಕೈಯಿಡಲಾಗದಷ್ಟು ಕಾದು ಕೊತಕೊತ ಕುದಿಯತೊಡಗಿತು. ಆರನೇ ಕ್ಲಾಸಿನ ಮೊಮ್ಮಗ ಬೆಂಕಿಯಿಲ್ಲದೆ ನೀರು ಕುದಿಯುವುದನ್ನು ನೋಡುತ್ತ ಡ್ರಮ್ಮಿನ ಮೇಲೆ ಬಗ್ಗಿದಾಗ ಅಜ್ಜಿ ಅವನ ಅಂಗಿ ಹಿಡಿದು ಹಿಂದಕ್ಕೆಳೆದಳು. ‘ಕಣ್ಣಿಗೆ ಹಾರಿದರೆ ಕಣ್ಣೇ ಹೋಯ್ತದೆ ಕಣೋ!’

ಅವಳು ಅಂದದ್ದು ಅಕ್ಷರಶಃ ನಿಜ. ಸುಣ್ಣ ಕಣ್ಣು ಸುಡುತ್ತದೆ. ಆದರೆ ಆ ಕುದಿತಕ್ಕೆ ಹುಡುಗನ ಅಕ್ಕ ಬೇರೆ ವಿವರಣೆ ಕೊಟ್ಟಳು. ಹತ್ತನೇ ಕ್ಲಾಸಿನ ವಿಜ್ಞಾನದ ಮೊದಲ ಪಾಠದಲ್ಲೇ ಇದು ಇದೆ. ಸುಟ್ಟ ಸುಣ್ಣ ಅಂದರೆ ಕ್ಯಾಲ್ಸಿಯಂ ಆಕ್ಸೈಡ್. ನೀರು ಸೇರಿದರೆ ಅರಳಿದ ಸುಣ್ಣ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಜೊತೆಗೆ ಶಾಖ ಹೊರಗೆ ಬರುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಎರಡು ಮೂರು ದಿನಕ್ಕೆ ಗೋಡೆ ಹೊಳೆಯುತ್ತದೆ. ಅಮೃತಶಿಲೆಯೂ ರಾಸಾಯನಿಕವಾಗಿ ಅದೇ. ‘ಅಜ್ಜಿ, ನೀನು ಗೋಡೆಗೆ ಮಾರ್ಬಲ್ ಹಚ್ಚಿಸ್ತಾ ಇದೀಯ’ ಅಂತ ಅವಳು ಹೇಳಿದಾಗ ಅಜ್ಜಿ, ‘ಅದಕ್ಕೇ ಅಲ್ವಾ ಬಣ್ಣ ಬೇಡ ಅಂದಿದ್ದು’ ಅಂದುಬಿಟ್ಟಳು. ಚರ್ಚೆ ಅಲ್ಲಿಗೆ ಮುಗಿಯಿತು.

ಸುಣ್ಣಕ್ಕೆ ಒಂದಿಷ್ಟು ಉಪ್ಪು, ಬಿಳುಪು ಏಳಲಿ ಅಂತ ಚಿಟಿಕೆ ನೀಲಿ, ತಾರಸಿಗೆ ಬಳಿಯುವುದಕ್ಕೆ ಸ್ವಲ್ಪ ಅಂಟು. ತಾರಸಿಗೆ ಬಿಳಿ ಬಳಿಯುವುದು ಬರೀ ಅಂದಕ್ಕಲ್ಲ. ಮಾರ್ಚ್ ಕೊನೆಗೆ ಬಯಲುಸೀಮೆಯ ಬಿಸಿಲು ಆರ್‌ಸಿಸಿ ಮೇಲೆ ಹಗಲೆಲ್ಲ ಬಿದ್ದರೆ ರಾತ್ರಿ ಹತ್ತು ಗಂಟೆಗೂ ಒಳಗೆ ಮಲಗಲಾಗುವುದಿಲ್ಲ. ಬಿಳಿ ಮೇಲ್ಮೈ ಬಿಸಿಲನ್ನು ಬಹುಪಾಲು ಹಾಗೇ ವಾಪಸ್ಸು ಕಳಿಸುತ್ತದೆ. ಈಗ ಇದಕ್ಕೆಂದೇ ಡಬ್ಬಿಯಲ್ಲಿ ದುಬಾರಿ ಬಣ್ಣ ಬಂದಿದೆ. ಸುಣ್ಣ ಅಷ್ಟು ಬಾಳುವುದಿಲ್ಲ, ಒಂದೆರಡು ಮಳೆಗೆ ತೊಳೆದು ಹೋಗುತ್ತದೆ. ಆದರೆ ಬೇಸಿಗೆಯಲ್ಲಿ ಬೇಕಾದದ್ದು ಮಳೆಗೆ ಹೋದರೆ ನಷ್ಟವೇನು? ಯಲಹಂಕದಿಂದ ಬೆಳಗಿನ ರೈಲಿಗೆ ಬಂದ ಚಿಕ್ಕಮಗ, ತೆಂಗಿನನಾರಿನ ಕುಂಚ ಹಿಡಿದು ಮಧ್ಯಾಹ್ನದ ಹೊತ್ತಿಗೆ ತಾರಸಿ ಮುಗಿಸಿದ. ಅವನಿಗೆ ಕಂಪ್ಯೂಟರ್ ಮುಂದಿನ ಕೆಲಸ. ಸಂಜೆಗೆ ಅಂಗೈಯಲ್ಲಿ ಬೊಬ್ಬೆ, ಬೆನ್ನಲ್ಲಿ ಹಿಡಿತ. ‘ಏನ್ ಮೈದುನ್ರೇ, ಸೊಂಟ ಐತಾ?’ ಅಂತ ಕೆಲಸದಿಂದ ಬಂದ ಅತ್ತಿಗೆ ಕೇಳಿದ ಧಾಟಿಗೆ ಹಿತ್ತಲ ರೂಮಿನವರೂ ನಕ್ಕರು.

ದೊಡ್ಡಬಳ್ಳಾಪುರದ ಪೇಟೆಗೆ ಹೋಗಿ ಬಂದದ್ದು ರಾತ್ರಿ ಎಂಟರ ಮೇಲೆ. ಮಾವಿನ ಸೊಪ್ಪು, ಬೇವಿನ ಸೊಪ್ಪು, ಹೂವು, ಬೆಲ್ಲ, ಮಾವಿನಕಾಯಿ. ಬೇವು ಕೊಂಡು ತರುವ ಕಾಲ ಬಂತಲ್ಲ ಅನ್ನುವುದು ಅಜ್ಜಿಯ ಪ್ರತಿವರ್ಷದ ಮಾತು. ಮಗ್ಗದ ಬೀದಿಗಳಲ್ಲಿ ಇನ್ನೂ ಸದ್ದಿತ್ತು. ದೊಡ್ಡಬಳ್ಳಾಪುರ ಪವರ್‌ಲೂಮಿನ ಊರು. ಹಬ್ಬಕ್ಕೆ ಮಗ್ಗ ನಿಲ್ಲಿಸುವ ಮುಂಚೆ ಹಾಸು ಮುಗಿಸಿ ಸೀರೆ ಇಳಿಸಿಬಿಡುವ ಅವಸರ ನೇಕಾರರದ್ದು.

ಭಾನುವಾರದ ಬೆಳಗು ಹರಳೆಣ್ಣೆಯಿಂದ ಶುರುವಾಯಿತು. ಅಜ್ಜಿ ಒಬ್ಬೊಬ್ಬರನ್ನೇ ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ತಟ್ಟಿದಳು. ಹಂಡೆಯ ನೀರು ಕಾದಿತ್ತು. ಅಜ್ಜಿಯ ಸ್ನಾನವಾಯಿತು, ಸೊಸೆಯದಾಯಿತು, ಮೊಮ್ಮಗಳ ತಲೆಗೆ ಸೀಗೆಪುಡಿ ಹಾಕಿ ಉಜ್ಜುತ್ತಿರುವಾಗ ನಲ್ಲಿ ಗೊರಗೊರ ಅಂದು ನಿಂತಿತು. ದೊಡ್ಡಮಗ ಮೈಯೆಲ್ಲ ಎಣ್ಣೆಯಲ್ಲೇ ಹೋಗಿ ಮೋಟಾರ್ ಹಾಕಿದ. ಮೋಟಾರ್ ತಿರುಗುತ್ತಿದೆ, ನೀರು ಏರುತ್ತಿಲ್ಲ. ಹಿತ್ತಲ ರೂಮಿನಿಂದ ಬಾಗಲಕೋಟೆ ಕಡೆಯ ಹೆಂಗಸು ಖಾಲಿ ಕೊಡ ಹಿಡಿದು ಬಂದು, ‘ಅಕ್ಕಾರ, ನಮ್ಮ ಕಡೀನೂ ನೀರ ಬರವಲ್ವು ನೋಡ್ರಿ’ ಅಂದಳು.

ಫಿಟರಿಗೆ ರೋಗ ಗೊತ್ತಾಗುವುದು ತಡವಾಗಲಿಲ್ಲ. ಸಂಪಿನೊಳಗೆ ಪೈಪಿನ ತುದಿಯಲ್ಲಿ ಫುಟ್‌ವಾಲ್ವ್ ಅಂತ ಒಂದು ಇರುತ್ತದೆ. ಮೋಟಾರ್ ನಿಂತಾಗ ಪೈಪಿನಲ್ಲಿರುವ ನೀರು ಕೆಳಗೆ ಜಾರದಂತೆ ಅದು ಬಾಯಿ ಮುಚ್ಚಬೇಕು. ಕಸ ಸಿಕ್ಕಿ ಬಾಯಿ ತೆರೆದೇ ಉಳಿದರೆ ನೀರೆಲ್ಲ ಇಳಿದು ಪೈಪಿನಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಆಮೇಲೆ ಮೋಟಾರ್ ಎಷ್ಟು ತಿರುಗಿದರೂ ಅಷ್ಟೆ, ‘ಏರ್ ಹಿಡೀತು’ ಅನ್ನುವುದು ಇದಕ್ಕೇ. ಕಾರ್ಖಾನೆಯಲ್ಲಿ ದಿನಕ್ಕೊಂದು ಪಂಪು ಬಿಚ್ಚುವವನು ಅವನು. ಆದರೆ ಮನೆಯ ಸಂಪಿನ ಮುಚ್ಚಳ ತೆಗೆದು ಎಷ್ಟು ಕಾಲವಾಗಿತ್ತೋ, ಕೆಳಗೆ ಕೆಸರು ಮೊಳಕಾಲುದ್ದ ನಿಂತಿತ್ತು. ಫುಟ್‌ವಾಲ್ವ್ ಬಿಡಿಸಬೇಕಾದರೆ ಕೆಸರು ಎತ್ತಬೇಕು, ಕೆಸರು ಎತ್ತಬೇಕಾದರೆ ಇದ್ದ ನೀರು ಹೊರಗೆ ಹಾಕಬೇಕು. ‘ಇವತ್ತೇ ಮಾಡ್ತೀಯೇನಪ್ಪಾ?’ ಅಂತ ಅಜ್ಜಿ ಕೇಳಿದ್ದರಲ್ಲಿ ಬೇಡ ಅನ್ನುವ ಎಚ್ಚರಿಕೆಯಿತ್ತು. ಯುಗಾದಿ ದಿನ ಕೆಸರು ಎತ್ತಿದರೆ ವರ್ಷವೆಲ್ಲ ಕೆಸರು ಎತ್ತಬೇಕು. ಆದರೆ ಎಣ್ಣೆ ಹಚ್ಚಿಕೊಂಡ ಮೂವರು, ಅರ್ಧ ತಲೆ ತೊಳೆದ ಒಬ್ಬಳು, ಒಲೆಯ ಮೇಲೆ ಬೇಯುತ್ತಿದ್ದ ತೊಗರಿಬೇಳೆ, ಹಿಂದೆ ಅಷ್ಟೂ ರೂಮಿನವರು. ಬೇರೆ ದಾರಿಯಿರಲಿಲ್ಲ.

ನೀರಿಗಾಗಿ ಪರದಾಡುವುದಕ್ಕೆ ಆ ಸೀಮೆಯಲ್ಲಿ ಯುಗಾದಿಯ ಶಕುನವೇನೂ ಬೇಕಿಲ್ಲ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರ ತಾಲ್ಲೂಕಿನ ಕೆರೆಗಳನ್ನು ತುಂಬಿಕೊಂಡೇ ಕೆಳಗಿಳಿಯಬೇಕಾದ ನದಿ. ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1890ರ ದಶಕದಲ್ಲಿ, ಬೆಂಗಳೂರಿಗೆ ಮೊದಲ ಸಲ ಕೊಳಾಯಿ ನೀರು ಹೋದದ್ದು ಇದೇ ನದಿಯ ಹೆಸರಘಟ್ಟದಿಂದ. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯವಾದದ್ದೂ ಇದರ ನೀರಿಗೇ. ಬೆಂಗಳೂರಿಗೆ ಮೊದಲು ನೀರು ಕುಡಿಸಿದ ನದಿಯ ಮೇಲುಭಾಗದವರು ಈಗ ನಾಣ್ಯ ಹಾಕಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ಬೈಕಿಗೆ ಕಟ್ಟಿಕೊಂಡು ಬರುತ್ತಾರೆ. ನದಿ ಹರಿಯುವುದು ಜೋರು ಮಳೆಯ ವರ್ಷ ಮಾತ್ರ. ಬೋರ್‌ವೆಲ್ ಸಾವಿರ ಅಡಿ ದಾಟಿದ ಮೇಲೂ ನೀರು ಸಿಕ್ಕೀತೆಂಬ ಭರವಸೆಯಿಲ್ಲ. ನಗರದ ಒಳಚರಂಡಿಯೂ ಕೈಗಾರಿಕಾ ಪ್ರದೇಶದ ಕೊಳಕು ನೀರೂ ಸೇರಿ ಕೆರೆ, ಅಂತರ್ಜಲ ಕೆಟ್ಟಿವೆ ಅಂತ ಪಕ್ಕದ ದೊಡ್ಡತುಮಕೂರು, ಮಜರಾಹೊಸಹಳ್ಳಿ ಪಂಚಾಯಿತಿಗಳ ಜನ ವರ್ಷಗಟ್ಟಲೆ ಹೋರಾಡುತ್ತ ಬಂದಿದ್ದಾರೆ. ಪಶ್ಚಿಮಘಟ್ಟದಿಂದ ಬಯಲುಸೀಮೆಗೆ 24.01 ಟಿಎಂಸಿ ನೀರು ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಸಕಲೇಶಪುರದ ಹತ್ತಿರ ಚಾಲನೆ ಸಿಕ್ಕಿತು. ಅಲ್ಲಿ ಪಂಪು ತಿರುಗಿದ್ದನ್ನು ಈ ಮನೆಯವರೂ ಟಿ.ವಿ.ಯಲ್ಲಿ ನೋಡಿದ್ದರು. ಇತ್ತ ಬೋರ್‌ವೆಲ್ ನೀರಿನದು ಬೇರೆ ಲೆಕ್ಕ. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ಸಹಿಸಬಹುದು ಅನ್ನುತ್ತದೆ ಭಾರತೀಯ ಮಾನಕ. ಬೋರ್‌ವೆಲ್ ನೀರು ಕುಡಿಯುವ ಎಷ್ಟೋ ಹಳ್ಳಿಗಳ ಬದುಕು ಆ ‘ಬೇರೆ ನೀರೇ ಇಲ್ಲದಿದ್ದರೆ’ ಅನ್ನುವ ಷರತ್ತಿನ ಮೇಲೇ ನಿಂತಿದೆ.

ಹಬ್ಬದ ದಿನ ಪ್ಲಂಬರ್ ಸಿಗುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಸಿಕ್ಕವರು ಪಕ್ಕದ ಬೀದಿಯ ಸಾಬರು. ಅವರಿಗೆ ಅದು ಹಬ್ಬವಲ್ಲ, ರೋಜಾದ ಇಪ್ಪತ್ತೊಂಬತ್ತನೇ ದಿನ. ಆ ವರ್ಷ ಭಾರತದಲ್ಲಿ ಉಪವಾಸ ಶುರುವಾದದ್ದು ಮಾರ್ಚ್ 2ಕ್ಕೆ. ‘ಇವತ್ತು ಚಂದ್ರ ಕಂಡರೆ ನಾಳೆ ಹಬ್ಬ, ನಾಳೆ ಕರೆದರೆ ನಾನೂ ಬರ್ತಿರಲಿಲ್ಲ ಬಿಡಿ’ ಅಂತ ನಗುತ್ತ ಬಂದರು. ಬಂದವರು ಮೊದಲು ಮಾಡಿದ್ದು ಚಿಕ್ಕಮಗನನ್ನು ತಡೆದದ್ದು. ಅವನು ಆಗಲೇ ಲುಂಗಿ ಎತ್ತಿ ಕಟ್ಟಿ ಸಂಪಿಗಿಳಿಯಲು ನಿಂತಿದ್ದ. ಬಹಳ ದಿನ ಮುಚ್ಚಿದ್ದ ಸಂಪಿನಲ್ಲಿ ಉಸಿರಾಡುವ ಗಾಳಿ ಇಲ್ಲದೆ ಇರಬಹುದು, ಕೆಸರು ಕಲಕಿದರೆ ವಿಷದ ಗಾಳಿಯೂ ಏಳಬಹುದು. ಇಳಿದವನೂ, ಅವನನ್ನು ಎತ್ತಲು ಹೋದವನೂ ಒಟ್ಟಿಗೆ ಸತ್ತ ಸುದ್ದಿ ಪ್ರತಿ ಬೇಸಿಗೆಯಲ್ಲಿ ಎಲ್ಲಾದರೂ ಒಂದು ಕಡೆ ಬರುತ್ತದೆ. ಮುಚ್ಚಳ ತೆಗೆದು, ಟೇಬಲ್ ಫ್ಯಾನು ತಂದು ಬಾಯಿಗಿಟ್ಟು ಗಾಳಿಯಾಡಿಸಿದರು. ನೀರನ್ನೂ ಕೆಸರಿನ ಬಹುಪಾಲನ್ನೂ ಮೇಲಿನಿಂದಲೇ ಬಾಡಿಗೆ ಪಂಪಿನಲ್ಲಿ ಎಳೆಸಿದರು. ಆಮೇಲೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅವರೇ ಇಳಿದರು. ಫುಟ್‌ವಾಲ್ವಿನ ಬಾಯಲ್ಲಿ ಸಿಕ್ಕಿದ್ದದ್ದು ಚಾಕೊಲೇಟ್ ಕವರು. ಮೊಮ್ಮಗ ಆ ಹೊತ್ತಿಗೆ ತಾರಸಿಯ ಮೇಲೆಲ್ಲೋ ಇದ್ದ.

ಕೆಸರಿನ ಬಕೆಟ್ಟುಗಳನ್ನು ಎಳೆದು ಹಾಕಿದ್ದು ಹಿತ್ತಲ ರೂಮಿನ ಒಡಿಶಾ ಹುಡುಗರು. ಅವರನ್ನು ಯಾರೂ ಕರೆದಿರಲಿಲ್ಲ. ನೀರು ಅವರಿಗೂ ಬೇಕಿತ್ತು. ಗೋಡೆ ಉಜ್ಜಿ ತೊಳೆದು, ಟ್ಯಾಂಕರ್ ನೀರು ಬಿಟ್ಟ ಮೇಲೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕೆಂಬ ಜಗಳ ಶುರುವಾಯಿತು. ಅಜ್ಜಿಯ ಪ್ರಕಾರ ಒಂದು ಹಿಡಿ. ಸಾವಿರ ಲೀಟರ್ ನೀರಿಗೆ ಒಳ್ಳೆಯ ಪೌಡರ್ ಎರಡೂವರೆ ಗ್ರಾಂ ಸಾಕು, ಹಾಕಿ ಒಂದು ಗಂಟೆ ಬಿಡಬೇಕು ಅನ್ನುವುದು ಆರೋಗ್ಯ ಇಲಾಖೆಯವರ ಹಳೇ ಲೆಕ್ಕ. ಚಿಕ್ಕಮಗ ಅದನ್ನು ಮೊಬೈಲಿನಲ್ಲಿ ತೋರಿಸಿದ. ‘ಅಷ್ಟು ಹಾಕಿದರೆ ಇರುವೇನೂ ಸಾಯಲ್ಲ’ ಅಂದಳು ಅಜ್ಜಿ. ಕೊನೆಗೆ ಮೊಮ್ಮಗಳು ಟೀಚಮಚದಲ್ಲಿ ಅಳೆದು ಬಕೆಟ್ಟಿನಲ್ಲಿ ಕದಡಿ, ತಿಳಿ ಮಾತ್ರ ಸಂಪಿಗೆ ಹಾಕಿದಳು. ಅರ್ಧ ತೊಳೆದ ತಲೆ ಅಷ್ಟು ಹೊತ್ತಿಗೆ ಸೀಗೆಪುಡಿಯಲ್ಲೇ ಒಣಗಿ ಗಟ್ಟಿಯಾಗಿತ್ತು.

ಊಟ ಮೂರೂವರೆಗೆ. ಒಬ್ಬಟ್ಟು, ಒಬ್ಬಟ್ಟಿನ ಸಾರು, ಮಾವಿನಕಾಯಿ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ. ಸೊಸೆಯ ಒಬ್ಬಟ್ಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ವಾರದಲ್ಲಿ ಆರು ದಿನ ಕಾಲರಿಗೆ ಹೊಲಿಗೆ ಹಾಕುವ ಆ ಬೆರಳುಗಳು ಕಣಕವನ್ನು ಹೂರಣದ ಸುತ್ತ ಎಳೆದು ಮುಚ್ಚುವುದರಲ್ಲಿ ಎಲ್ಲೂ ಒಂದು ದಪ್ಪ, ಒಂದು ತೆಳು ಇರುವುದಿಲ್ಲ. ಬಾಳೆಲೆಯ ಮೇಲೆ ತಟ್ಟಿದರೆ ಅಂಚಿನವರೆಗೂ ಹೂರಣ ಹೋಗಿರುತ್ತದೆ. ಕಣಕ ನೆನೆಯುವುದಕ್ಕೆ ಎಣ್ಣೆ ಧಾರಾಳವಾಗಿ ಬೇಕು, ಕೈ ಜಿಪುಣವಾಗಿದ್ದರೆ ಅಂಚು ಒಡೆಯುತ್ತದೆ. ಆ ದಿನ ಕಣಕಕ್ಕೆ ನೆನೆಯಲು ಬೇಕಾದ್ದಕ್ಕಿಂತ ಎರಡು ಗಂಟೆ ಹೆಚ್ಚು ಸಿಕ್ಕಿತ್ತು. ಸಂಪಿನ ಪುಣ್ಯ ಅಂತ ಅವಳೇ ಹೇಳಿದಳು.

ಬಾಗಲಕೋಟೆಯವರ ಮನೆಯಿಂದ ಚೊಂಬಿನಲ್ಲಿ ಬೇವು ಬಂತು. ಈ ಕಡೆಯವರಿಗೆ ಬೇವು ಬೆಲ್ಲ ಅಂದರೆ ಅಂಗೈಯಲ್ಲಿ ಒಂದು ಚೂರು, ಮುಖ ಕಿವುಚಿ ನುಂಗಿದರೆ ಮುಗಿಯಿತು. ಉತ್ತರ ಕರ್ನಾಟಕದವರದು ಕುಡಿಯುವ ಬೇವು: ಬೆಲ್ಲದ ನೀರಿಗೆ ಮಾವಿನಕಾಯಿ ತುರಿ, ಪುಟಾಣಿ ಪುಡಿ, ಗೋಡಂಬಿ, ದ್ರಾಕ್ಷಿ, ಮೇಲೆ ಒಂದಿಷ್ಟು ಬೇವಿನ ಹೂವು. ಮೊಮ್ಮಗ ಎರಡು ಲೋಟ ಕುಡಿದ. ‘ಇದರಲ್ಲಿ ಕಹಿಯೇ ಇಲ್ಲವಲ್ಲೇ’ ಅಂತ ಅಜ್ಜಿ ಆಕ್ಷೇಪಿಸಿದಳು. ‘ಕಹಿ ವರ್ಷಪೂರ್ತಿ ಇದ್ದೇ ಇರ್ತೈತಲ್ರಿ ಅಜ್ಜಿ’ ಅಂತ ಉತ್ತರ ಬಂತು. ಅಜ್ಜಿ ಲೋಟ ಮುಂದೆ ಚಾಚಿದಳು.

ಸಂಜೆ ಚಂದ್ರನದೇ ಮಾತು. ಸಾಮಾನ್ಯವಾಗಿ ಈ ಕಡೆ ಚಂದ್ರದರ್ಶನ ಹೊಸತೊಡಕಿನ ಸಂಜೆಗೆ. ಆದರೆ ಆ ಸಲ ಪಾಡ್ಯ ಭಾನುವಾರ ಮಧ್ಯಾಹ್ನವೇ ಮುಗಿದು ಬಿದಿಗೆ ಹಿಡಿದಿತ್ತು. ಶನಿವಾರ ಸಂಜೆ ನಾಲ್ಕೂವರೆಯ ಹೊತ್ತಿಗೆ ಅಮಾವಾಸ್ಯೆ ಕಳೆದದ್ದರಿಂದ ಭಾನುವಾರ ಸೂರ್ಯ ಮುಳುಗುವಾಗ ಚಂದ್ರನಿಗೆ ಇಪ್ಪತ್ತಾರು ಗಂಟೆ ವಯಸ್ಸು. ಬರಿಗಣ್ಣಿಗೆ ಕಾಣುವಷ್ಟು ಆಗಿತ್ತು. ಸುಣ್ಣ ಒಣಗಿದ ತಾರಸಿಯ ಮೇಲೆ ಮನೆಯವರು, ಎರಡು ಮನೆ ಆಚೆಯ ತಾರಸಿಯ ಮೇಲೆ ಸಾಬರ ಮನೆಯವರು, ಎಲ್ಲರ ಕತ್ತೂ ಪಶ್ಚಿಮಕ್ಕೇ. ಮೊದಲು ಕಂಡದ್ದು ಆ ಕಡೆಯ ಹುಡುಗನಿಗೆ. ಇತ್ತ ಅಜ್ಜಿ ಮಬ್ಬುಗಣ್ಣಿಗೆ ಕೈ ಅಡ್ಡ ಹಿಡಿದು, ನಿಜವಾಗಿ ಕಂಡಿತೋ ಇಲ್ಲವೋ, ಕೈ ಮುಗಿದಳು. ವಿಶ್ವಾವಸು ಸಂವತ್ಸರದ ಮೊದಲ ಚಂದ್ರ, ಶವ್ವಾಲಿನ ಮೊದಲ ಚಂದ್ರ, ಎರಡೂ ಒಂದೇ. ಚಾಂದ್ರಮಾನದ ಲೆಕ್ಕ ಹಿಡಿಯುವ ಎರಡು ಪದ್ಧತಿಗಳು ಒಂದೇ ಸಂಜೆ ಕೂಡುವುದರಲ್ಲಿ ಪವಾಡವೇನಿಲ್ಲ. ಆದರೂ ಕಿರಿಯರೆಲ್ಲ ಹಿರಿಯರ ಕಾಲಿಗೆ ಬೀಳುವ ಹೊತ್ತಿಗೆ ಆ ತಾರಸಿಯಿಂದ ಪಟಾಕಿ ಸದ್ದು ಬಂದಾಗ ಮೊಮ್ಮಗ, ‘ನಮ್ಮ ಹಬ್ಬಕ್ಕೆ ಅವರು ಹೊಡೀತಿದಾರೆ’ ಅಂದದ್ದು ಲೆಕ್ಕದ ದೃಷ್ಟಿಯಿಂದ ತಪ್ಪೇನೂ ಆಗಿರಲಿಲ್ಲ.

ಸೋಮವಾರ ಹೊಸತೊಡಕು. ಬೆಂಗಳೂರಿನ ಮೈಸೂರು ರಸ್ತೆಯ ಮಟನ್ ಅಂಗಡಿಯ ಮುಂದೆ ನಸುಕಿನಲ್ಲೇ ನಿಂತ ಮೈಲುದ್ದದ ಸಾಲನ್ನು ಟಿ.ವಿ.ಯವರು ಪ್ರತಿವರ್ಷ ತೋರಿಸುತ್ತಾರೆ. ಊರುಗಳಲ್ಲಿ ಸಾಲು ಬೇಡ, ಗುಡ್ಡೆ ಬಾಡು ಇದೆ. ಹತ್ತಿಪ್ಪತ್ತು ಮನೆಯವರು ದುಡ್ಡು ಹಾಕಿ ಕುರಿ ತಂದು, ಟಾರ್ಪಾಲಿನ ಮೇಲೆ ಬಾಳೆಲೆ ಹಾಸಿ, ಮಾಂಸವನ್ನು ಸಮಸಮ ಗುಡ್ಡೆ ಮಾಡುತ್ತಾರೆ. ತೊಡೆಯ ಭಾಗ, ಪಕ್ಕೆ, ಲಿವರು, ಬೋಟಿ, ಮೂಳೆ, ಒಂದೊಂದು ಗುಡ್ಡೆಗೂ ಎಲ್ಲದರ ಪಾಲು ಬೀಳಬೇಕು. ಒಬ್ಬ ಹಿರಿಯ ಇಲ್ಲೊಂದು ಚೂರು ತೆಗೆದು ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಇಡುತ್ತಲೇ ಇರುತ್ತಾನೆ. ಕಣ್ಣಳತೆಯಲ್ಲಿ ಎಲ್ಲರಿಗೂ ಸಮಾಧಾನವಾದ ಮೇಲೇ ಕೈ ಹಾಕುವುದು. ತಕ್ಕಡಿ ತಂದರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಯಾರೂ ತರುವುದಿಲ್ಲ. ಈ ಮನೆಯವರದು ಯುಗಾದಿ ಚೀಟಿ. ತಿಂಗಳು ತಿಂಗಳು ಇಷ್ಟಿಷ್ಟು ಅಂತ ಕಟ್ಟಿದರೆ ಹಬ್ಬಕ್ಕೆ ಬೇಳೆ, ಬೆಲ್ಲ, ಎಣ್ಣೆ, ಮಾಂಸ ಮನೆಗೆ ಬರುತ್ತದೆ. ಚೀಟಿ ನಡೆಸುವವನು ದುಡ್ಡಿನ ಜೊತೆ ಓಡಿಹೋದ ಸುದ್ದಿ ಆಗಾಗ ಬರುವುದರಿಂದ, ಕುರಿ ಕಣ್ಣಿಗೆ ಬೀಳುವವರೆಗೂ ಸೊಸೆಗೆ ಒಳಗೊಳಗೇ ಅಳುಕು.

ಕುರಿ ಬಂತು. ಬೆಳಿಗ್ಗೆ ಸಾಬರ ಮನೆಯಿಂದ ಶೀರ್ ಕುರ್ಮವೂ ಬಂತು. ಮುದ್ದೆ, ಬಾಡಿನ ಸಾರು ಉಂಡ ಮೇಲೆ ಜಾಲರಿ ಹೊಡೆಯುವುದು, ಹಲಗೆ ಕೂರಿಸುವುದು ಎಷ್ಟು ಉತ್ಸಾಹದಲ್ಲಿ ನಡೆದಿರಬಹುದೆಂದು ಓದುವವರೇ ಊಹಿಸಬಹುದು. ಜಾಲರಿ ಒಂದು ಕಿಟಕಿಗೆ ಆಯಿತು. ಹಲಗೆ ಇವತ್ತಿಗೂ ಅದೇ ಹಳೇ ಇಟ್ಟಿಗೆಯ ಮೇಲೆ ನಿಂತಿದೆ. ಡಿಸ್ಟೆಂಪರ್ ಡಬ್ಬಿಯ ಮುಚ್ಚಳವನ್ನು ಯಾರೂ ತೆಗೆಯಲಿಲ್ಲ. ಆ ರೂಮಿಗೆ ಬರಬೇಕಾಗಿದ್ದ ಹುಡುಗರು ಏಪ್ರಿಲ್ 1ರ ಬದಲು ಹದಿನೈದಕ್ಕೆ ಬರುತ್ತೇವೆ ಅಂತ ಫೋನ್ ಮಾಡಿ ಪುಣ್ಯ ಕಟ್ಟಿಕೊಂಡರು.

ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ, ಕರೆಂಟು ಯೂನಿಟ್ಟಿಗೆ 36 ಪೈಸೆ ಜಾಸ್ತಿ ಅನ್ನುವ ಸುದ್ದಿ ಹಬ್ಬಕ್ಕೆ ಮುಂಚೆಯೇ ಬಂದಿತ್ತು. ಸೋಮವಾರ ಸಂಜೆ ಸೊಸೆ ನೋಟ್‌ಬುಕ್ಕು ತೆಗೆದು ಕೂತಳು. ಸುಣ್ಣ, ಬಾಡಿಗೆ ಪಂಪು, ಟ್ಯಾಂಕರ್, ಹೊಸ ಫುಟ್‌ವಾಲ್ವ್, ಸಾಬರ ಕೂಲಿ; ಅವರು ಹಬ್ಬದ ದಿನ ಅಂತ ಒಂದು ರೂಪಾಯಿ ಹೆಚ್ಚಿಗೆ ಕೇಳಿರಲಿಲ್ಲ, ಇವಳು ಕೊಡದೆ ಬಿಟ್ಟಿರಲಿಲ್ಲ. ಅದೇ ಹೊತ್ತಿಗೆ ಚೀಟಿಯವನು ಮುಂದಿನ ವರ್ಷದ ಹೆಸರು ಬರೆಸಿಕೊಳ್ಳಲು ಬಂದ. ಸಂಪಿನ ಮುಚ್ಚಳ ತುಕ್ಕು ಹಿಡಿದು ಅಂಚು ತೂತಾಗಿದೆ, ಕಸ ಬಿದ್ದದ್ದು ಅಲ್ಲಿಂದಲೇ. ಈ ವರ್ಷ ಚೀಟಿ ಬಿಟ್ಟು ಆ ದುಡ್ಡಲ್ಲಿ ಮುಚ್ಚಳ ಮಾಡಿಸಿದರೆ ಹೇಗೆ ಅತ್ತೆ ಅಂತ ಅವಳು ಕೇಳಿದಳು.

‘ಮುಂದಿನ ಹೊಸತೊಡಕಿಗೆ ಮುಚ್ಚಳದ ಸಾರು ಮಾಡ್ತೀಯೇನಮ್ಮ?’ ಅಂದಳು ಅಜ್ಜಿ.

ಚೀಟಿಗೆ ಹೆಸರು ಬಿತ್ತು. ಮುಚ್ಚಳ ಬಂದದ್ದು ದೀಪಾವಳಿಯ ಬೋನಸ್ಸಿನಲ್ಲಿ. ಅಲ್ಲಿಯವರೆಗೆ ಸಂಪಿನ ಬಾಯಿಗೆ ಒಂದು ಕಡಪ ಕಲ್ಲು ಮುಚ್ಚಿತ್ತು, ಅದನ್ನು ಸರಿಸಲು ಇಬ್ಬರು ಬೇಕಾಗುತ್ತಿತ್ತು.